ಸೋಮವಾರ ಮುಂಜಾನಿ ಬಸ್ಸಿಗೆ

ಹೈದರಾಬಾದಿನಿಂದ ಬಾಡಿಗಿಗೆ ತರಿಸಿದ ಲೆನ್ಸು.
ಸೋಮವಾರ ಮುಂಜಾನಿ ಬಸ್ಸಿಗೆ ವಾಪಸ್ ಹಾಕಬೇಕು.
ಕೊಂಡರ ಒಂದು ಲಕ್ಷ ಎಪ್ಪತ್ತು ಸಾವಿರ:
ಅಂದರ ಹದಿನಾಲ್ಕು ಮದುವಿ,
ಇಲ್ಲಾ ಅಮ್ಮಿಯ ಎರಡೂ ಪಾಟಲಿ.

ಕತ್ತಲದಾಗೂ ಕಾಣತದ ಇದಕ್ಕ.
ಕಲಬುರಗಿ ರಿಂಗ್ ರೋಡಿನ ಫಂಕ್ಷನ್ ಹಾಲಿನಾಗ,
ಪರದೆ ಆಚೆ, ಹೆಂಗಸರ ಕಡಿಗೆ,
ಕರೆಂಟ್ ಹೋದಾಗ
ಮದುಮಗಳ ಮೂಗಿನ ಮ್ಯಾಲಿನ ಬೆವರು
ಹನಿ ಹನಿ ಎಣಿಸಿ ಕೊಟ್ಟಿತು.

ಆಕಿ ಮುಸುಕು ಸರಿಸಿ ಅಂದಳು:
‘ನುಸ್ರತ್ ಆಪಾ, ನೀನಂತ ತೆಗಿಸಿಕೊಂಡೆ.
ಬ್ಯಾರೆ ಯಾರಿಗೂ ತೋರಿಸಬ್ಯಾಡ.’

ಪರದೆ ಒಳಗ ಕರದದ್ದು ನನಗ,
ಗಾಜಿಗಲ್ಲ.

ಆದರೂ
ಮನಿಗೆ ಬಂದು ನನ್ನ ಹಳೇ ಲೆನ್ಸು ಟ್ಯೂಬ್‌ಲೈಟಿಗೆ ಹಿಡದೆ.
ಅಂಚಿನಾಗ ಬೂಷ್ಟು,
ಜೇಡರ ಬಲಿಯಂಥಾದ್ದು.

ಅಮ್ಮಿ ತಾಟು ಇಡತಾ
ಪಾಟಲಿ ಸಪ್ಪಳ ಮಾಡಿದಳು.
ಬೇಕಂತಲೇ ಇರಬೇಕು.