ಹಿಡಿಯಕ್ಕಿ

ಶನಿವಾರ ನಾಲ್ಕು ಗಂಟೆಗೆ ಸಭಾಭವನದ ಹಿಂಬಾಗಿಲು ತೆಗೆಯುವುದು ನಾನು.
ಬೀಗದ ಕೈ ನನ್ನಲ್ಲಿ, ತಕ್ಕಡಿ ನನ್ನಲ್ಲಿ,
ಮೂವತ್ತೆರಡು ಮನೆಗಳ ಹೆಸರಿರುವ ಉದ್ದ ಪುಸ್ತಕವೂ ನನ್ನಲ್ಲೇ.
ಜೆಪ್ಪುವಿನ ಏರಿನಲ್ಲಿ ನನ್ನನ್ನು ಕಂಡರೆ ಕೆಲವರು ನಗುತ್ತಾರೆ,
ಕೆಲವರು ರಸ್ತೆ ದಾಟಿ ಆ ಕಡೆ ಹೋಗುತ್ತಾರೆ.
ಎರಡಕ್ಕೂ ಕಾರಣ ಅದೇ ಪುಸ್ತಕ.

ಅಜ್ಜಿಯ ಕಾಲದ ಕ್ರಮ ಇದು:
ಅನ್ನಕ್ಕೆ ಅಳೆದ ಅಕ್ಕಿಯಿಂದ ಒಂದು ಹಿಡಿ
ಬೇರೆ ಡಬ್ಬಿಗೆ. ಸಣ್ಣ ಪ್ರಾರ್ಥನೆ. ಮುಚ್ಚಳ.
ಹಂಚಿನ ಕಾರ್ಖಾನೆಯ ಗಂಟೆ ಕೇಳುತ್ತಿದ್ದ ದಿನಗಳಲ್ಲಿ
ಎಲ್ಲರ ಮನೆಯಲ್ಲೂ ಒಂದೇ ಅಕ್ಕಿ, ಒಂದೇ ಬಡತನ.
ಈ ತಿಂಗಳು ಕೊಟ್ಟವಳೇ ಬರುವ ತಿಂಗಳು ಸೆರಗೊಡ್ಡುತ್ತಿದ್ದಳು.
ಯಾರೂ ಬರೆದಿಡುತ್ತಿರಲಿಲ್ಲ.

ಈಗ ಎಬೆನೇಸರ್ ಕರ್ಕಡರ ಮನೆಯಿಂದ ಬಾಸ್ಮತಿ,
ಕ್ರಿಸ್ಮಸಿಗೆ ತಂದದ್ದರಲ್ಲಿ ಉಳಿದದ್ದು.
ಸುಲೋಚನಾ ಅಮ್ಮಣ್ಣರದ್ದು ಕೆಂಪು ಕುಚ್ಚಲು.
ಹೊಸ ಫ್ಲಾಟಿನವರದ್ದು ಸೋನಾ ಮಸೂರಿ.
ಒಂದು ಬಿಸ್ಕಿಟ್ ಡಬ್ಬಿಯಲ್ಲಿ ಪ್ರತಿ ವಾರ ರೇಷನ್ನಿನ ಬೆಳ್ತಿಗೆ;
ಅದು ಯಾರದೆಂದು ನಾನು ಕೇಳುವುದಿಲ್ಲ.
ಎಲ್ಲವನ್ನೂ ಒಂದೇ ಗೋಣಿಗೆ ಸುರಿದು, ಮೊಣಕೈ ತನಕ ಕೈಯಾಡಿಸಿ
ಐದೈದು ಕಿಲೋ ಕಟ್ಟುವುದು.
ಅಯ್ಯನವರು ಒಮ್ಮೆ ಅದರ ಮೇಲೆಯೇ ಪ್ರಸಂಗ ಮಾಡಿದರು:
ಬೇರೆ ಬೇರೆ ಕಾಳು, ಒಂದೇ ಗೋಣಿ.
ಚೆನ್ನಾಗಿತ್ತು. ನಾನೂ ಕಣ್ಣೊರೆಸಿಕೊಂಡೆ.

ಆಮೇಲೆ ಒಂದು ಶನಿವಾರ ಮಹಾಕಾಳಿಪಡ್ಪಿನ ವಾರಿಜ,
ಬೀಡಿ ಕೊಟ್ಟು ಬಂದವಳು, ಬೆರಳಲ್ಲಿ ಇನ್ನೂ ಸೊಪ್ಪಿನ ವಾಸನೆ,
"ಟೀಚರೇ, ನಿಮ್ಮ ಅಕ್ಕಿ ಬೇಯುವುದಿಲ್ಲ" ಎಂದಳು.
ಸಾಲಿನಲ್ಲಿ ಹನ್ನೊಂದು ಜನ.
"ಅರ್ಧ ಅಂಟು, ಅರ್ಧ ಕಲ್ಲು. ಕುಚ್ಚಲು ಮೆತ್ತಗಾಗುವಾಗ
ಉಳಿದದ್ದೆಲ್ಲ ಗೋಡೆಗೆ ಮೆತ್ತಬಹುದು.
ಗ್ಯಾಸ್ ಮುಗೀತದೆ. ಗ್ಯಾಸ್ ನೀವು ಕೊಡುವುದಿಲ್ಲವಲ್ಲ."

ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಲ್ಲಿ ಮೊಳ ಹಾಕಿದಳಂತೆ:
ಮಾತು ಹಲ್ಲಿನ ತನಕ ಬಂತು. ತಡೆದೆ.
ಆದರೆ ಕೈ ತಡೆಯಲಿಲ್ಲ.
ಎಲ್ಲರಿಗೂ ಮೇಲಿಂದ ಹಾಕುವ ಒಂದು ಹಿಡಿಯನ್ನು
ಅವಳ ತಕ್ಕಡಿಯಿಂದ ವಾಪಸ್ ತೆಗೆದೆ.
ಅವಳು ನೋಡಿದಳು. ನಾನು ಮುಳ್ಳನ್ನು ನೋಡಿದೆ.

ಆ ರಾತ್ರಿ ಅದೇ ಗೋಣಿಯಿಂದ ಒಂದು ಪಾವು ತಂದು ಒಲೆಗಿಟ್ಟೆ.
ಮೊದಲು ಬಾಸ್ಮತಿ ಕರಗಿತು, ಆಮೇಲೆ ಸೋನಾ ಒಡೆಯಿತು,
ಮುಕ್ಕಾಲು ಗಂಟೆಯಾದರೂ ಕುಚ್ಚಲು ಹಾಗೆಯೇ,
ಹಟ ಹಿಡಿದ ಮಗುವಿನ ಹಾಗೆ ತಳದಲ್ಲಿ ಕೂತಿತ್ತು.
ಒಣಮೀನಿನ ಚಟ್ನಿ ಕಲಸಿದೆ. ಇಳಿಯಲಿಲ್ಲ.
ಇಪ್ಪತ್ತಾರು ವರ್ಷ ಈ ಅಕ್ಕಿ ಹಂಚಿದ್ದೇನೆ.
ಒಂದು ಅಗುಳು ತಿಂದಿರಲಿಲ್ಲ.

ಸಮಿತಿಯಲ್ಲಿ ಹೇಳಿದೆ, ಇನ್ನು ಗೋಣಿ ಬೇರೆ ಬೇರೆ ಎಂದು.
"ಕೊಡುವವರಿಗೆ ಷರತ್ತಾ?" ಎಂದರು ಕರ್ಕಡರು.
ಅಯ್ಯನವರು ಕನ್ನಡಕ ಒರೆಸಿದರು:
ಅಷ್ಟು ಒಳ್ಳೆಯ ದೃಷ್ಟಾಂತವಾಗಿತ್ತಲ್ಲ ಅದು.
"ಅಯ್ಯಾ, ಪ್ರಸಂಗ ಬೆಂದಿದೆ" ಎಂದೆ. "ಅಕ್ಕಿ ಬೇಯಲಿಲ್ಲ."
ಯಾರೋ ನಕ್ಕರು. ಚಹಾ ಬಂತು.
ಕುಚ್ಚಲಿಗೆ ಒಂದು ಗೋಣಿ, ಮಸೂರಿಗೆ ಒಂದು,
ಬೆಳ್ತಿಗೆಗೆ ಚಿಕ್ಕದು, ನೀರುದೋಸೆಗಾದೀತು.
ಬಾಸ್ಮತಿಯನ್ನು ಏನು ಮಾಡುವುದೆಂದು ಇನ್ನೂ ತೀರ್ಮಾನವಾಗಿಲ್ಲ.

ಮೊನ್ನೆ ವಾರಿಜ ಕಟ್ಟು ಬಿಚ್ಚಿದಳು,
ನಾಲ್ಕು ಕಾಳು ಅಂಗೈಗೆ ಹಾಕಿ ಉಜ್ಜಿದಳು, ಮೂಸಿದಳು.
ಹಿಡಿ ಮೇಲಿಂದ ಹಾಕಿದ್ದೆ. ಅದರ ಮಾತು ಅವಳೂ ಎತ್ತಲಿಲ್ಲ.
"ಅಕ್ಕಿ ಅಡ್ಡಿಯಿಲ್ಲ" ಎಂದಳು. ನನಗೆ ಬಹುಮಾನ ಬಂದಷ್ಟು ಖುಷಿ.
"ಆದರೆ ಹೋದ ವಾರದ ತೆಂಗಿನಕಾಯಿ ಕೊಳೆತದ್ದು."

ಕೊಟ್ಟದ್ದನ್ನು ಮಾತ್ರ ಬರೆಯುವ ಪುಸ್ತಕ ಅದು;
ಬೇರೆ ಗೆರೆಯೇ ಇಲ್ಲ. ಅಂಚಿನಲ್ಲಿ ಬರೆದೆ:
ವಾರಿಜ. ಕಾಯಿ ಒಂದು. ನಾವು ಕೊಡಲು ಬಾಕಿ.
ಅವಳು ಮೇಜಿನ ಆಚೆಯಿಂದ, ತಲೆಕೆಳಗಾಗಿದ್ದ ಅಕ್ಷರಗಳನ್ನು
ಒಂದೊಂದಾಗಿ ಓದಿ,
ಸರಿ ಉಂಟೆಂದು ನೋಡಿ, ಹೋದಳು.