ಬಲೆ ಉಂಡವರು

ವರಳಿಯ ಮೂವತ್ತೊಂದನೇ ಮಹಡಿಗೆ
ಸರ್ವಿಸ್ ಲಿಫ್ಟಿನಲ್ಲಿ ಹೋಗುತ್ತೇನೆ, ಪ್ರತಿ ಗುರುವಾರ:
ಎರಡು ಕ್ಯಾನು ನೀರು, ಒಂದು ಡಬ್ಬಿ ಉಪ್ಪು, ಉದ್ದ ಮೂತಿಯ ಇಕ್ಕಳ,
ಬೀಡಾ ಅಂಗಡಿಯಲ್ಲಿ ಕೊಂಡ ಅಂಟಿನ ಆರು ಟ್ಯೂಬು.
ವಾಚ್‌ಮನ್ ಪುಸ್ತಕದಲ್ಲಿ ಬರೆಯುತ್ತಾನೆ:
ಹೆಸರು, ಮರಕಾಲ. ಕಾರಣ, ಮೀನು.

ಕಿಟಕಿಯಾಚೆ ಕಡಲಿದೆ, ಪುಕ್ಕಟೆ, ಗಟಾರದ ಬಣ್ಣ.
ಕಿಟಕಿಯೀಚೆ ಇನ್ನೊಂದು, ಐದಡಿ ಉದ್ದ.
ಅದಕ್ಕೆಂದು ಬಕೀಟಿನಲ್ಲಿ ಉಪ್ಪು ಕದಡುತ್ತೇನೆ,
ಮಾಪಕವನ್ನು ಕಣ್ಣಿಗೆ ಹಿಡಿದು
ಸಾವಿರಕ್ಕೆ ಮೂವತ್ತೈದು ಕಾಣುವತನಕ.
‘ಕಡ್ಲಿಗೆ ಉಪ್ಪ್ ಹೊರ್ತ್ಯಾ ಮಗಾ?’
ಎನ್ನುತ್ತಿದ್ದ ಅಜ್ಜ, ಇದ್ದಿದ್ದರೆ.

ಹುಳು ಬಂದದ್ದು ಕುರ್ಲಾದಲ್ಲಿ ಕೊಂಡ ಕಲ್ಲಿನ ಬೆನ್ನೇರಿ.
ಮೊದಲು ಒಂದು. ಮುರಿದ ಹಲ್ಲಿನಷ್ಟು ಕೊಳವೆ.
ಹಿರಲ್‌ಬೆನ್ ಮುದ್ದಿನಿಂದ ಹವಳಕ್ಕೆ ಪುಡಿ ಉಣಿಸಿದರು, ಎರಡೂ ಹೊತ್ತು.
ಹವಳ ಉಂಡದ್ದೆಷ್ಟೋ, ಕೊಳವೆ ನೂರಾಯಿತು.
ಇದು ತೆವಳುವ ಬಸವನಹುಳುವಲ್ಲ.
ಕಲ್ಲಿಗೆ ಮನೆ ಕಚ್ಚಿಸಿ, ಹೊಸ್ತಿಲಲ್ಲೇ ಕೂತು
ಲೋಳೆಯ ಎಳೆ ಬೀಸುತ್ತದೆ.
ಎಳೆ ತಾಗಿದ ಕಡೆ ಹವಳ ಮುದುಡಿಕೊಳ್ಳುತ್ತದೆ
ಒಲೆಯ ಹೊಗೆ ತಾಗಿದ ಕಣ್ಣಿನ ಹಾಗೆ.
ಸಿಕ್ಕಿದ್ದು ಸಿಕ್ಕಮೇಲೆ ಎಳೆದುಕೊಳ್ಳುತ್ತದೆ, ಅವಸರವಿಲ್ಲ,
ಬಲೆಯನ್ನೂ ಸೇರಿಸಿ ನುಂಗುತ್ತದೆ.

ಪುಡಿ ನಿಲ್ಲಿಸಿದೆ.
ಹಳದಿ ಕಪ್ಪು ಪಟ್ಟೆಯ ಬೇರೆ ಜಾತಿಯದನ್ನು ತಂದು ಬಿಟ್ಟೆ,
ಹುಳುವನ್ನು ಹುಳು ತಿನ್ನಲೆಂದು.
ತಿಂದಿತೋ, ತಿಂದ ಹಾಗೆ ಮಾಡಿತೋ.
ಉಳಿದದ್ದು ಕೈಕೆಲಸ: ಪಂಪು ಆರಿಸು, ತೋಳು ಮುಳುಗಿಸು,
ಕೊಳವೆ ಮುರಿ,
ಬಾಯಿಗೊಂದು ಹನಿ ಅಂಟು.

ಹಿರಲ್‌ಬೆನ್ ಆಗ ಕೋಣೆಯಲ್ಲಿರುವುದಿಲ್ಲ.
ಮಣ್ಣಿನಡಿ ಬೆಳೆದದ್ದನ್ನು ಒಳಗೆ ತರದ ಮನೆ ಅದು.
ಮೀನಿಗೆ ಹಾಕುವ ಸಿಗಡಿಗೆ
ಬಾಲ್ಕನಿಯಲ್ಲಿ ಬೇರೆಯೇ ಪುಟ್ಟ ಫ್ರಿಜ್,
ಅದಕ್ಕೊಂದು ಬೀಗ, ಕೀಲಿ ನನ್ನ ಹತ್ತಿರ.
ಬಾಗಿಲಾಚೆಯಿಂದ ಕೇಳುತ್ತಾರೆ: ‘ಸತ್ತವಾ ಭಾಯ್?’
‘ಇಲ್ಲ ಬೆನ್, ಬಾಗಿಲು ಹಾಕಿದೆ, ಅಷ್ಟೆ.’
ಪರ್ಯುಷಣದ ಎಂಟು ದಿನ ಬೇಡ ಎಂದರು. ಬಿಟ್ಟೆ.
ಅವೇನೂ ಉಪವಾಸ ಮಾಡಲಿಲ್ಲ.

ಕೋಡಿಯ ದಂಡೆಯಲ್ಲಿ ನಮ್ಮದೂ ಒಂದು ರಂಪಣಿಯಿತ್ತಂತೆ.
ಎರಡು ತುದಿ ಹಿಡಿದು ಕೇರಿಯೇ ಎಳೆಯಬೇಕು;
ಪಾಲು ಹಂಚುವಾಗ ಎಳೆಯಲಾರದ ಮುದುಕಿಗೂ ಒಂದು ಬುಟ್ಟಿ.
ಯಂತ್ರದ ದೋಣಿ ಬಂತು. ದಂಡೆಗೆ ಮೀನು ಬರುವುದು ನಿಂತಿತು.
ಆ ವರ್ಷ ಅಜ್ಜ ಬಲೆಯನ್ನು ತುಂಡು ಮಾಡಿ ಮಾರಿದ,
ಮಾರಿಗೆ ಇಷ್ಟು ಸೇರು ಕುಚ್ಚಿಗೆ ಅಕ್ಕಿ ಎಂದು.
ಒಂದು ಮಳೆಗಾಲ ಪೂರ್ತಿ
ಹದಿಮೂರು ಜನ ಬಲೆ ಉಂಡರು.
ಅಪ್ಪ ನಗುತ್ತಿದ್ದ: ‘ಅನ್ನಕ್ಕೆ ಉಪ್ಪೇ ಬೇಕಾಗಲಿಲ್ಲ.’
ಮಳೆ ಬಿಟ್ಟ ಮೇಲೆ ಬೊಂಬಾಯಿ ಬಸ್ಸು ಹತ್ತಿದ.

ಇವತ್ತು ನಲವತ್ತೆರಡು ಮುಚ್ಚಿದೆ.
ಕಲ್ಲಿನ ಹಿಂಬದಿಗೆ ಇನ್ನೊಂದಿತ್ತು, ಕೈಗೆ ಎಟುಕುವಷ್ಟೇ ದೂರ.
ಬೀಸಿಯಾಗಿತ್ತು; ಎಳೆಯ ನಡುವೆ ಒಂದು ಗಾಳಿಗುಳ್ಳೆ
ಸಿಕ್ಕಿ ನಡುಗುತ್ತಿತ್ತು. ಅದನ್ನೇ ಮೀನೆಂದುಕೊಂಡು
ಎಳೆಯತೊಡಗಿತು ಒಳಕ್ಕೆ, ಒಬ್ಬಂಟಿಯಾಗಿ.
ಅಂಟು ಮುಗಿಯಿತು ಎಂದುಕೊಂಡೆ.
ಟ್ಯೂಬಿನಲ್ಲಿ ಇತ್ತು.

ಇಳಿದು ಬಂದರೆ ಗೇಟಿನ ಯಂತ್ರ ನನ್ನ ಹೆಬ್ಬೆರಳನ್ನು ಒಪ್ಪಲಿಲ್ಲ,
ಗೆರೆಗಳ ಮೇಲೆಲ್ಲ ಅಂಟು ಒಣಗಿ.
ಮೂರು ಸಲ ಒತ್ತಿದೆ. ಮೂರು ಸಲ ಕೆಂಪು.
‘ಬಿಡು, ಸಹಿ ಹಾಕು’ ಎಂದ ವಾಚ್‌ಮನ್,
‘ಮುಗೀತಾ ಕೆಲಸ?’

ಬರುವ ಗುರುವಾರ, ಎಂದೆ.