ಮೂರನೇ ಸೆಮಿಸ್ಟರಿನ ಹ

ಅರಸೀಕೆರೆ ಪ್ಯಾಸೆಂಜರಿನಲ್ಲಿ ಎದುರು ಕೂತವರು
ನನ್ನ ಹೆಗಲ ಕೊಳವೆ ನೋಡಿ ಕೇಳಿದರು: ಏನಮ್ಮಾ, ಬಂದೂಕ?
ಹಾಳೆ, ಅಂದೆ. ಖಾಲಿ ಹಾಳೆ.
ಖಾಲಿಗೆ ಇಷ್ಟೊಂದು ಭದ್ರತೆಯೇ ಅಂತ ನಕ್ಕು
ಒಂದು ಹಿಡಿ ಕಡಲೆಕಾಯಿ ಕೊಟ್ಟರು. ಹಾಸನ ಬರುವವರೆಗೂ ಸುಲಿದೆ.

ಕಾಲೇಜಿಗೆ ಹೊಸ ಸುಣ್ಣ. ಬೆಂಚುಗಳು ಅವೇ.
ಹೋದ ವರ್ಷದ ಡ್ರಾಯಿಂಗು ಟೈಂಟೇಬಲ್ಲಿನಲ್ಲಿ ಈಗ
‘ದೃಶ್ಯ ಚಿಂತನೆ’ ಆಗಿದೆ. ಪೆನ್ಸಿಲ್ಲು ಮಾತ್ರ ಅದೇ, ಅರ್ಧ ಸವೆದದ್ದು.
ಧರಣೇಂದ್ರ ಗಡ್ಡ ಬಿಟ್ಟಿದ್ದಾನೆ. ಚಾರುಮತಿ ಬಂದಿಲ್ಲ,
ಇನ್ನು ಬರುವುದಿಲ್ಲವಂತೆ.
ಅವಳ ಸ್ಟೂಲಿನ ಮೇಲೆ ಎಲ್ಲರೂ ಬ್ಯಾಗು ಇಡುತ್ತೇವೆ.

ಫಿಲೋಮಿನಾ ಮೇಡಂ ಮೊದಲ ಕ್ಲಾಸಿನಲ್ಲೇ ಬೋರ್ಡಿನ ತುಂಬ
ಒಂದು ಅಕ್ಷರ ಬರೆದು ಹೇಳಿದರು: ಓದಬೇಡಿ. ನೋಡಿ.
ತಲೆಕಟ್ಟಿನ ಕೆಳಗೆ ಎಷ್ಟು ಬೆಳಕು ಸಿಕ್ಕಿಕೊಂಡಿದೆ,
ಹೊಟ್ಟೆಯೊಳಗಿನ ಬಿಳಿಗೆ ಉಸಿರಾಡಲು ಜಾಗವಿದೆಯೇ.
ಮೂರು ವಾರ ನೋಡಿದೆ. ಏನು ಮಾಡಿದರೂ
ಕಣ್ಣಿಗಿಂತ ಮೊದಲು ನಾಲಿಗೆ ಹೋಗಿ ಮುಟ್ಟುತ್ತಿತ್ತು.
ಹ, ಅನ್ನುತ್ತಿತ್ತು ಒಳಗೆ, ಒಂದನೇ ಕ್ಲಾಸಿನ ರಾಗದಲ್ಲಿ,
ಶ ಷ ಸ ಎಲ್ಲರನ್ನೂ ಪಕ್ಕಕ್ಕೆ ಸಾಲು ನಿಲ್ಲಿಸಿಕೊಂಡು.
ತಲೆಕೆಳಗು ಮಾಡಿದೆ. ಕನ್ನಡಿಯಲ್ಲಿ ಹಿಡಿದೆ.
ಗುಡಿಸು ಕೊಟ್ಟರೂ ಪೊರಕೆ ಕೊಡಲಿಲ್ಲವಲ್ಲ ಅಂತ
ಹಾಸ್ಟೆಲ್ಲಿನಲ್ಲಿ ತಮಾಷೆ ಮಾಡಿ ನಗಿಸಿದೆ.
ಹಾಳೆಯ ಮೂಲೆಯಲ್ಲಿ ಮೇಡಂ, ಹಸಿರು ಇಂಕಿನಲ್ಲಿ:
ಇನ್ನೂ ಓದುತ್ತಿದ್ದೀಯ.

ಆಮೇಲೆ ‘ಊರಿನ ಗುರುತುಗಳು’ ಎಂಬ ಅಸೈನ್‌ಮೆಂಟು.
ಧರಣೇಂದ್ರ ಬಸ್‌ಸ್ಟ್ಯಾಂಡು ಹಿಡಿದ. ನನಗೆ ಉಳಿದದ್ದು
ಎಪಿಎಂಸಿ ಯಾರ್ಡು, ಬೆಳಗಿನ ಐದೂವರೆ, ಆಲೂಗಡ್ಡೆ.
ಲಾರಿಗಳ ಸಂದಿಯಲ್ಲಿ ಜವರಮ್ಮ
ಗೋಣಿಯಿಂದ ಗೋಣಿಗೆ ಬಾಗುತ್ತಾ ಹೋಗುತ್ತಿದ್ದಳು,
ಬಟ್ಟೆ ಸುತ್ತಿದ ಕಡ್ಡಿ, ಪೇಂಟಿನ ಡಬ್ಬದಲ್ಲಿ ಮಸಿ,
ಪ್ರತಿ ಗೋಣಿಗೂ ಒಂದು ಹ.
ಎತ್ತದೆ, ತಡೆಯದೆ, ಒಂದೇ ಎಳೆತ.
ನೇಯ್ಗೆ ಮಸಿ ಕುಡಿಯುವ ಮೊದಲೇ ಮುಂದಿನದಕ್ಕೆ.
ಕದ್ದು ಸ್ಕೇಲು ಹಿಡಿದೆ:
ಹೊಟ್ಟೆಯ ಬಿಳಿ ಹನ್ನೊಂದು ಗೋಣಿಯಲ್ಲೂ ಒಂದೇ ಅಗಲ.

ಯಾರು ಕಲಿಸಿದರು ಬರೆಯೋಕೆ?
ಬರಿಯೋದಲ್ಲ ಕಣವ್ವ, ಗುರುತಾಕೋದು.
ನಂಗೆಲ್ಲಿ ಓದು? ಇದು ಕಾವಿಗೆ ಕುಂತಿರೋ ಕೋಳಿ.
ಇಕಾ ಕೊಕ್ಕು, ಇಕಾ ಪುಕ್ಕ, ಅಡೀಲಿ ಮೊಟ್ಟೆಗೆ ಜಾಗ.

ನೋಡುವುದನ್ನು ಕಲಿಯಲು ಫೀಸು ಕಟ್ಟಿದವಳು
ಸುಮ್ಮನಿರಬಹುದಿತ್ತು ನಾನು.
ಕೋಳಿಯನ್ನು ಟ್ರೇಸ್ ಮಾಡಿಕೊಂಡು, ಟೀ ಕುಡಿದು, ಹೋಗಬಹುದಿತ್ತು.
ಅದು ಹ, ಅಂದೆ. ಹಾಸನದ ಹ.
ಹಸು, ಹಗ್ಗ, ಹಬ್ಬ, ಎಲ್ಲಕ್ಕೂ ಇದೇ.
ಜವರಮ್ಮ ಡಬ್ಬ ಕೆಳಗಿಟ್ಟು ಗೋಣಿ ನೋಡಿದಳು,
ಇಪ್ಪತ್ತು ವರ್ಷದ ನೆರೆಯವನ ನಿಜ ಹೆಸರು
ಈಗ ತಿಳಿದವಳ ಹಾಗೆ.

ಮುಂದಿನ ಗುರುವಾರ ಹೋದಾಗ ತುಟಿ ಅಲ್ಲಾಡುತ್ತಿತ್ತು.
ಹ, ಅನ್ನುವುದು. ಆಮೇಲೆ ಕಡ್ಡಿ ಊರುವುದು.
ಗೆರೆ ನಡುಗಿತ್ತು. ಕೆಲವು ಗೋಣಿಯಲ್ಲಿ
ಮೊಟ್ಟೆಯ ಜಾಗ ಮಸಿ ತುಂಬಿ ಮುಚ್ಚಿಹೋಗಿತ್ತು.
ಲಾರಿ ಹೊರಡಬೇಕು ಅಂತ ಮೇಸ್ತ್ರಿ ಕೂಗುತ್ತಿದ್ದ.
ಅವಳು ನನ್ನ ಕಂಡು ಬಾಯಿತುಂಬ ನಕ್ಕು ಕೇಳಿದಳು:
ಜವರಮ್ಮನ ಜ ಎಂಗಿರ್ತದೆ? ಆಕ್ಕೊಡು.

ಜ್ಯೂರಿಗೆ ಒಯ್ದದ್ದು ಮೊದಲ ವಾರದ ಹ ಮಾತ್ರ.
ಇಪ್ಪತ್ತಕ್ಕೆ ಹದಿನೆಂಟು. ಈಗ ನೋಡುತ್ತಿದ್ದೀಯ, ಅಂದರು ಮೇಡಂ.
ಎರಡನೇ ವಾರದ್ದು ಕೊಳವೆಯಲ್ಲೇ ಇದೆ,
ಜ, ಜ, ಜ, ಕೆಲವು ನನ್ನವು, ಕೆಲವು ಅವಳವು,
ನಡುವೆ ಯಾರದೋ ಹೆಬ್ಬೆರಳಿನ ಮಣ್ಣು.

ದಸರಾ ರಜಕ್ಕೆ ಸ್ಟೇಷನ್ನಿನಲ್ಲಿ ನಿಂತಿದ್ದೇನೆ.
ಹಳದಿ ಫಲಕದ ಮೇಲೆ, ದೀರ್ಘ ಎಳೆದು ಬಾಲ ಬೆಳೆಸಿಕೊಂಡು,
ಸ ನ ಇಬ್ಬರನ್ನೂ ಪಕ್ಕದಲ್ಲಿ ಕೂರಿಸಿಕೊಂಡು
ಕೋಳಿ ಕಾವು ಕೂತಿದೆ.
ರೈಲು ಬಂದರೂ ಏಳುವುದಿಲ್ಲ.